ನೀತಿಗಳು ಬದಲಾಗುತ್ತಿವೆ, ನಮ್ಮ ಮಕ್ಕಳ ಕಲಿಕೆಯ ಗತಿಯೇನು?

ಶಿಕ್ಷಣ ನೀತಿಯೆಂದರೆ ದೆಹಲಿಯಲ್ಲಿ ಸಿದ್ಧವಾಗುವ ಒಂದು ಕಡತ, ಅದರ ಚರ್ಚೆ ವಿದ್ವಾಂಸರಿಗೂ ಅಧಿಕಾರಿಗಳಿಗೂ ಸೇರಿದ್ದು ಎಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಶಿವಮೊಗ್ಗ, ಭದ್ರಾವತಿಗಳ ಸಾಮಾನ್ಯ ಕುಟುಂಬವೊಂದರ ಹೊಸಿಲೊಳಗೇ ಈ ನೀತಿಗಳ ಏರಿಳಿತ ಕಾಣಿಸಿಕೊಂಡಿದೆ. 2021ರಲ್ಲಿ ಪದವಿ ತರಗತಿಗೆ ಸೇರಿದ ಅಣ್ಣ ನಾಲ್ಕು ವರ್ಷಗಳ ಹೊಸ ಕ್ರಮದಲ್ಲಿ ಓದಿದನು. 2024ರಲ್ಲಿ ಸೇರಿದ ತಂಗಿ ಮೂರು ವರ್ಷಗಳ ಕ್ರಮಕ್ಕೆ ಸೇರಿದಳು. ಅದೇ ಮನೆಯ ಕಿರಿಯ ಮಗುವಿಗೆ ಪ್ರಾಥಮಿಕ ತರಗತಿಯಲ್ಲಿ ದೊರೆಯುತ್ತಿದ್ದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ 2022ರಲ್ಲಿ ನಿಂತುಹೋಯಿತು. ಮೂವರೂ ಒಂದೇ ತಾಯಿಯ ಮಕ್ಕಳು. ಆದರೆ ಮೂವರಿಗೂ ಅನ್ವಯಿಸಿದ ನಿಯಮಗಳು ಬೇರೆ ಬೇರೆ. ಆದುದರಿಂದ ಈ ವಿಷಯವನ್ನು ಕಥೋಲಿಕ ಕುಟುಂಬಗಳು ದೂರದ ಸುದ್ದಿಯೆಂದು ಬದಿಗಿಡುವುದು ಸಲ್ಲದು.

ನೀತಿಗಳು ನಡೆದು ಬಂದ ದಾರಿ

ಸ್ವತಂತ್ರ ಭಾರತದ ಶಿಕ್ಷಣ ಚಿಂತನೆಗೆ ಸ್ಪಷ್ಟ ರೂಪ ಕೊಟ್ಟದ್ದು 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಆಯೋಗ. ಅದರ ವರದಿಯನ್ನು ಆಧರಿಸಿ 1968ರಲ್ಲಿ ಮೊದಲನೆಯ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತು. 1986ರಲ್ಲಿ ಎರಡನೆಯ ನೀತಿ ಬಂದು, 1992ರಲ್ಲಿ ತಿದ್ದುಪಡಿಗೊಂಡಿತು. ಅದಾದ ಮೇಲೆ ದೀರ್ಘಕಾಲ ಹೊಸ ನೀತಿ ಬರಲಿಲ್ಲ. ಬಾಹ್ಯಾಕಾಶ ವಿಜ್ಞಾನಿ ಡಾ. ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಕರಡನ್ನು ಆಧರಿಸಿದ ಮೂರನೆಯ ನೀತಿಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ್ದು 2020ರ ಜುಲೈ 29ರಂದು. ಹತ್ತು ಮತ್ತು ಎರಡು ವರ್ಷಗಳ ಶಾಲಾ ವ್ಯವಸ್ಥೆಯ ಬದಲಿಗೆ ಐದು, ಮೂರು, ಮೂರು, ನಾಲ್ಕು ವರ್ಷಗಳ ಹಂತಗಳು. ಪದವಿಗೆ ನಾಲ್ಕು ವರ್ಷ. ಪ್ರತಿ ವರ್ಷದ ಕೊನೆಯಲ್ಲೂ ಪ್ರಮಾಣಪತ್ರ ಪಡೆದು ಹೊರಹೋಗುವ ಅವಕಾಶ. ಆರನೆಯ ತರಗತಿಯಿಂದಲೇ ವೃತ್ತಿ ಶಿಕ್ಷಣದ ಪರಿಚಯ: ಇವು ಅದರ ಮುಖ್ಯ ಅಂಶಗಳು.

2021ರ ಆಗಸ್ಟ್‌ನಲ್ಲಿ ಉನ್ನತ ಶಿಕ್ಷಣದಲ್ಲಿ ಈ ನೀತಿಯನ್ನು ಜಾರಿಗೊಳಿಸುವ ಆದೇಶ ಹೊರಡಿಸಿದ ಮೊದಲ ರಾಜ್ಯ ನಮ್ಮದೇ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯವೂ ಅದರ ಕಾಲೇಜುಗಳೂ ಅದರಂತೆ ನಡೆದುಕೊಂಡವು. 2023ರಲ್ಲಿ ರಾಜ್ಯದ ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ನೇಮಕವಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024–25ರಿಂದ ಮೂರು ವರ್ಷಗಳ ಪದವಿ ಮರಳಿ ಬಂದಿತು. 2025ರ ಆಗಸ್ಟ್‌ನಲ್ಲಿ ಅಂತಿಮ ವರದಿಯೂ ಮುಖ್ಯಮಂತ್ರಿಗಳ ಕೈಸೇರಿತು. ಕೊಠಾರಿ ಆಯೋಗದಿಂದ ಇಲ್ಲಿಯವರೆಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ದೇಶ ಕಂಡದ್ದು ಮೂರು ನೀತಿಗಳನ್ನು. ನಮ್ಮ ಪದವಿ ವಿದ್ಯಾರ್ಥಿಗಳು ಮೂರೇ ವರ್ಷಗಳಲ್ಲಿ ಎರಡು ವ್ಯವಸ್ಥೆಗಳನ್ನು ಕಂಡರು. 

ಯಾವ ಪಕ್ಷದ ನೀತಿ ಸರಿ ಎಂಬುದು ಇಲ್ಲಿ ನಮ್ಮ ಪ್ರಶ್ನೆಯಲ್ಲ. 1976ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣವು ಕೇಂದ್ರ ಹಾಗೂ ರಾಜ್ಯಗಳೆರಡರ ಅಧಿಕಾರಕ್ಕೂ ಸೇರಿದ ಸಮವರ್ತಿ ಪಟ್ಟಿಗೆ ಬಂದಿತು. ಇಬ್ಬರಿಗೂ ಅಧಿಕಾರವಿದ್ದಾಗ ಇಬ್ಬರೂ ಕೂಡಿ ಕುಳಿತು ನಿರ್ಧರಿಸಬೇಕಾದುದು ನ್ಯಾಯ. ಹಾಗಾಗದೆ ಒಬ್ಬರು ಕಟ್ಟಿದ್ದನ್ನು ಮತ್ತೊಬ್ಬರು ಕೆಡವುತ್ತ ಹೋದರೆ ನಡುವೆ ಸಿಲುಕುವುದು ವಿದ್ಯಾರ್ಥಿಯೇ. ಸರ್ಕಾರಕ್ಕೆ ಐದು ವರ್ಷಗಳ ಅವಧಿಯಿದೆ, ಮತ್ತೆ ಆರಿಸಿಬರುವ ಅವಕಾಶವೂ ಇದೆ. ಮಗುವಿಗೆ ಐದನೆಯ ತರಗತಿ ಒಮ್ಮೆ ಮಾತ್ರ ಬರುತ್ತದೆ.

ಮಾತೃಭಾಷೆ ಯಾವುದು?

ಎರಡು ನೀತಿಗಳೂ ಬಹುಮಟ್ಟಿಗೆ ಒಂದೇ ಮಾತು ಹೇಳುವ ವಿಷಯವೊಂದಿದೆ. ಅದು ಮಾತೃಭಾಷೆಯ ಮಾಧ್ಯಮ. ಸಾಧ್ಯವಿರುವ ಕಡೆ ಕನಿಷ್ಠ ಐದನೆಯ ತರಗತಿಯವರೆಗೆ, ಮೇಲಾಗಿ ಎಂಟನೆಯವರೆಗೂ ಅದರಾಚೆಗೂ ಮನೆಯ ಭಾಷೆಯಲ್ಲಿ ಕಲಿಸಬೇಕೆಂದು ರಾಷ್ಟ್ರೀಯ ನೀತಿ ಹೇಳುತ್ತದೆ. ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಥೋರಟ್ ಆಯೋಗವೂ ಶಿಫಾರಸು ಮಾಡಿದೆ. ಭೇದವಿರುವುದು ಭಾಷೆಗಳ ಸಂಖ್ಯೆಯಲ್ಲಿ. ರಾಷ್ಟ್ರೀಯ ನೀತಿ ತ್ರಿಭಾಷಾ ಸೂತ್ರವನ್ನು ಉಳಿಸಿಕೊಂಡಿದ್ದರೆ, ಆಯೋಗವು ದ್ವಿಭಾಷಾ ಸೂತ್ರವನ್ನು ಸೂಚಿಸಿದೆ.

ತತ್ತ್ವವಾಗಿ ಇದನ್ನು ಒಪ್ಪದವರು ವಿರಳ. ಮಗು ತಾನಾಡುವ ಭಾಷೆಯಲ್ಲಿಯೇ ಎಣಿಸಲು, ಯೋಚಿಸಲು, ಪ್ರಶ್ನಿಸಲು ಕಲಿಯುವುದು ಸಹಜ. ಆದರೆ ಭದ್ರಾವತಿಯಲ್ಲಿ ನಿಂತು ನೋಡಿದರೆ ಈ ಸರಳ ತತ್ತ್ವವೂ ಜಟಿಲವಾಗುತ್ತದೆ. ಹಿಂದೆ ಬೆಂಕಿಪುರವೆಂಬ ಹೆಸರಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ತಮಿಳು, ತೆಲುಗು, ಮಲಯಾಳಂ ಮಾತನಾಡುವ ಕಾರ್ಮಿಕ ಕುಟುಂಬಗಳು ಬಂದು ನೆಲೆಸಿದವು. ಕರಾವಳಿಯಿಂದ ಕೊಂಕಣಿ ಮಾತನಾಡುವ ಕಥೋಲಿಕರು ಬಂದರು. ಇಂದು ಅವರ ಮೊಮ್ಮಕ್ಕಳು ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಆಡುತ್ತಾರೆ, ಬೀದಿಯಲ್ಲಿ ಕನ್ನಡದಲ್ಲಿ ಆಟವಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಇಂಥ ಮಗುವಿನ ಮಾತೃಭಾಷೆ ಯಾವುದೆಂದು ದಾಖಲಾತಿ ಅರ್ಜಿಯ ಒಂದೇ ಸಾಲಿನಲ್ಲಿ ಬರೆಯುವುದು ಸುಲಭವಲ್ಲ. 2007ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಕೊಂಕಣಿಯನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ದೊರೆತಿದೆ. ಮೂರನೆಯ ಭಾಷೆಯ ಸ್ಥಾನವೇ ಇಲ್ಲವಾದರೆ ಇಂಥ ಸಣ್ಣ ಭಾಷೆಗಳಿಗೆ ಶಾಲೆಯಲ್ಲಿ ಎಲ್ಲಿ ನೆಲೆ ಎಂಬುದನ್ನು ರಾಜ್ಯ ಸರ್ಕಾರ ಸ್ಪಷ್ಟಪಡಿಸಬೇಕು. ಹಿಂದಿಯ ಹೇರಿಕೆಯನ್ನು ತಡೆಯುವುದು ಬೇರೆ, ಕೊಂಕಣಿ ತುಳುಗಳ ಬಾಗಿಲು ಮುಚ್ಚುವುದು ಬೇರೆ.

ಈ ವಿವಾದಕ್ಕೆ ನ್ಯಾಯಾಲಯದ ಇತಿಹಾಸವೂ ಇದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ 1994ರಲ್ಲಿ ಹೊರಡಿಸಿದ ಆದೇಶ ಎರಡು ದಶಕಗಳ ಕಾಲ ವ್ಯಾಜ್ಯದಲ್ಲಿತ್ತು. ಮಾಧ್ಯಮದ ಆಯ್ಕೆ ತಂದೆತಾಯಿಗಳಿಗೆ ಸೇರಿದ್ದು, ಸರ್ಕಾರ ಅದನ್ನು ಹೇರುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪಿತ್ತಿತು. ಈ ತೀರ್ಪು ಇರುವವರೆಗೆ ಯಾವ ನೀತಿಯೂ ಖಾಸಗಿ ಶಾಲೆಗಳ ಮೇಲೆ ಮಾಧ್ಯಮವನ್ನು ಹೇರಲಾರದು. ಸರ್ಕಾರವೇ 2019ರಲ್ಲಿ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಹೀಗಿರುವಾಗ ಮಾತೃಭಾಷೆಯ ನೀತಿ ಕಡತದಲ್ಲಿ ಉಳಿಯುತ್ತದೆ. ಕನ್ನಡ ಮಾಧ್ಯಮದ ಕೊಠಡಿಗಳು ಒಂದೊಂದಾಗಿ ಬರಿದಾಗುತ್ತವೆ. ಒಳ್ಳೆಯ ಶಿಕ್ಷಕರು, ಒಳ್ಳೆಯ ಪುಸ್ತಕಗಳು, ಜೊತೆಗೆ ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವ ವ್ಯವಸ್ಥೆ ಇವಿಷ್ಟನ್ನು ಕೊಟ್ಟರೆ ತಂದೆತಾಯಿಗಳು ಕನ್ನಡ ಶಾಲೆಯನ್ನು ತಾವಾಗಿಯೇ ಆರಿಸಿಕೊಂಡಾರು. ಆಜ್ಞೆಯಿಂದ ಆಗದ ಕೆಲಸ ಗುಣಮಟ್ಟದಿಂದ ಆಗಬಲ್ಲುದು.

ವಿಜ್ಞಾನದ ಪಾಠ ಕುಗ್ಗಿದಾಗ

ಹೊಸ ನೀತಿಯ ಪುಟಗಳಲ್ಲಿ ವೈಜ್ಞಾನಿಕ ಮನೋಭಾವದ ಪ್ರಶಂಸೆ ಧಾರಾಳವಾಗಿದೆ. ಸಂವಿಧಾನದ 51ಎ ವಿಧಿಯೂ ಅದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ಆದರೆ ಕೋವಿಡ್ ಕಾಲದ ಹೊರೆಯನ್ನು ಇಳಿಸುವ ಕಾರಣ ನೀಡಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠಭಾಗವನ್ನೂ ಮೂಲವಸ್ತುಗಳ ಆವರ್ತ ವರ್ಗೀಕರಣದ ಅಧ್ಯಾಯವನ್ನೂ ತೆಗೆದುಹಾಕಿತು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರಿಯ ‘ಅನುವಂಶೀಯತೆ’ಯಾಗಿ ಉಳಿಯಿತು. 2023ರ ಏಪ್ರಿಲ್‌ನಲ್ಲಿ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಮೇಲಿನ ತರಗತಿಗಳಲ್ಲಿ ಈ ವಿಷಯಗಳು ಉಳಿದಿವೆಯೆಂಬುದು ಪರಿಷತ್ತಿನ ಸಮಾಧಾನ. ಆದರೆ ಹತ್ತನೆಯ ತರಗತಿಯ ಬಳಿಕ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಳ್ಳುವ ವಿದ್ಯಾರ್ಥಿ ಅವನ್ನು ಮುಂದೆಂದೂ ಓದುವುದಿಲ್ಲ.

ಈ ವಿಷಯದಲ್ಲಿ ಕಥೋಲಿಕರ ನಿಲುವೇನಾಗಿರಬೇಕು? ವಿಕಾಸವಾದವು ವಿಶ್ವಾಸಕ್ಕೆ ವಿರೋಧಿಯೆಂದು, ಪಾಠ ಹೋದದ್ದು ಒಳ್ಳೆಯದೇ ಆಯಿತೆಂದು ತಿಳಿದವರು ನಮ್ಮಲ್ಲಿಯೂ ಇದ್ದಾರು. ಧರ್ಮಸಭೆಯ ಬೋಧನೆ ಹಾಗಿಲ್ಲ. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಮಾನವದೇಹದ ವಿಕಾಸದ ಕುರಿತು ವಿದ್ವಾಂಸರು ಸಂಶೋಧನೆ ನಡೆಸುವುದಕ್ಕೆ ಅಡ್ಡಿಯಿಲ್ಲವೆಂದರು. 1996ರ ಅಕ್ಟೋಬರ್ 22ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಪರಮಪೀಠದ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ, ಈ ಸಿದ್ಧಾಂತವನ್ನು ಕೇವಲ ಊಹೆಯೆಂದು ಬದಿಗಿಡಲಾಗದು ಎಂಬುದನ್ನು ಸ್ಪಷ್ಟವಾಗಿ ಒಪ್ಪಿಕೊಂಡರು. ಪಠ್ಯಪುಸ್ತಕದಲ್ಲಿ ಉಳಿದ ಅನುವಂಶೀಯತೆಯ ಅಧ್ಯಾಯದ ನಾಯಕ ಗ್ರೆಗರ್ ಮೆಂಡಲ್ ಅಗಸ್ಟೀನಿಯನ್ ಮಠದ ಸನ್ಯಾಸಿ. ಬಟಾಣಿ ಗಿಡಗಳ ಮೇಲಿನ ಅವರ ಪ್ರಯೋಗಗಳ ಫಲಿತಾಂಶ 1866ರಲ್ಲಿ ಪ್ರಕಟವಾಯಿತು. ವಿಶ್ವದ ಆರಂಭದ ಕುರಿತಾದ ಮಹಾಸ್ಫೋಟ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಜಾರ್ಜ್ ಲಮೇತ್ರ್ ಒಬ್ಬ ಗುರುಗಳು. ಹತ್ತಿರದ ಉದಾಹರಣೆಯೇ ಬೇಕೆಂದರೆ, ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು 1976ರ ಬೃಹದ್ಗ್ರಂಥದಲ್ಲಿ ದಾಖಲಿಸಿದವರಲ್ಲೊಬ್ಬರು ಯೇಸುಸಭೆಯ ಗುರು ಸೆಸಿಲ್ ಸಲ್ಡಾನ್ಹಾ. ಕಾಡು ಸುತ್ತಿ ಗಿಡಗಳನ್ನು ಗುರುತಿಸುವುದಕ್ಕೂ ಸೃಷ್ಟಿಕರ್ತನನ್ನು ಸ್ತುತಿಸುವುದಕ್ಕೂ ಅವರಂಥವರ ಬಾಳಿನಲ್ಲಿ ವಿರೋಧವಿರಲಿಲ್ಲ. ಆದುದರಿಂದ ಬಿಟ್ಟುಹೋದ ಪಾಠವನ್ನು ನಮ್ಮ ಶಾಲೆಗಳ ಶಿಕ್ಷಕರು ಒಂದೆರಡು ಅವಧಿಗಳಲ್ಲಿ ಹೇಳಿಕೊಡುವುದು ಯೋಗ್ಯ. ಪರೀಕ್ಷೆಗೆ ಬಾರದ್ದನ್ನು ಓದಬಾರದೆಂಬ ಕಾನೂನು ಎಲ್ಲಿಯೂ ಇಲ್ಲ.

ಸಂಶೋಧನೆಯ ಹಣದ ಮಾತನ್ನೂ ನೋಡಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಗಿದೆ. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಅಂದಾಜಿದ್ದು, ಅದರಲ್ಲಿ ಸುಮಾರು 36,000 ಕೋಟಿ ಖಾಸಗಿ ಉದ್ಯಮ ಮತ್ತಿತರ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಯೋಜನೆ. ಖಾಸಗಿ ಹಣ ಸಾಮಾನ್ಯವಾಗಿ ದೊಡ್ಡ ನಗರಗಳ ದೊಡ್ಡ ಸಂಸ್ಥೆಗಳನ್ನು ಹುಡುಕಿಕೊಂಡು ಹೋಗುತ್ತದೆ. ಶಂಕರಘಟ್ಟದ ಪ್ರಯೋಗಾಲಯಕ್ಕೋ ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿಗೋ ಅದರ ಪಾಲು ತಲುಪುವಂತೆ ಮಾಡುವುದು ಸರ್ಕಾರದ ಹೊಣೆ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6ರಷ್ಟು ವೆಚ್ಚವಾಗಬೇಕೆಂದು ಕೊಠಾರಿ ಆಯೋಗ ಹೇಳಿತ್ತು. 2020ರ ನೀತಿಯೂ ಅದೇ ಪ್ರಮಾಣವನ್ನು ಪುನರುಚ್ಚರಿಸಿತು. ಗುರಿ ಮಾತ್ರ ಇಂದಿಗೂ ಗುರಿಯಾಗಿಯೇ ಉಳಿದಿದೆ.

ಯಾರ ಸಂಸ್ಕೃತಿ?

ಹೊಸ ನೀತಿ ಭಾರತೀಯ ಜ್ಞಾನ ಪರಂಪರೆಗೆ ವಿಶೇಷ ಸ್ಥಾನ ನೀಡಿದೆ. ನಮ್ಮ ನಾಡಿನ ಗಣಿತ, ವೈದ್ಯ, ವ್ಯಾಕರಣ, ಶಿಲ್ಪಗಳ ಪರಿಚಯ ಮಕ್ಕಳಿಗಾಗಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಕ್ರೈಸ್ತರು ಈ ಮಣ್ಣಿನ ಮಕ್ಕಳು. ಈ ಪರಂಪರೆ ನಮ್ಮದೂ ಹೌದು. ಆತಂಕವಿರುವುದು ಪರಂಪರೆಯನ್ನು ಒಂದೇ ಎಳೆಗೆ ಇಳಿಸುವ ಪ್ರಯತ್ನದ ಬಗೆಗೆ.

ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಮಧ್ಯಯುಗದ ಪ್ರಸಿದ್ಧ ವಿದ್ಯಾಕೇಂದ್ರ. ಅಲ್ಲಿನ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ವೇದ, ವ್ಯಾಕರಣ, ಪುರಾಣಗಳೊಡನೆ ಬೌದ್ಧವೂ ಸೇರಿದಂತೆ ಪರಸ್ಪರ ಭಿನ್ನವಾದ ದರ್ಶನಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತೆಂದು ಹೇಳುತ್ತದೆ. ದೀನರು, ಅಂಗವಿಕಲರು, ನಾನಾ ಮತಗಳ ಭಿಕ್ಷುಗಳು ಅಲ್ಲಿ ಅನ್ನ ಪಡೆಯುತ್ತಿದ್ದರು, ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿತ್ತು. ಎಂಟು ಶತಮಾನಗಳ ಹಿಂದೆಯೇ ಈ ನೆಲದ ವಿದ್ಯಾಲಯವೊಂದು ತನ್ನದಲ್ಲದ ಮತವನ್ನೂ ಪಾಠವಾಗಿ ಇಟ್ಟಿತ್ತು, ಹಸಿದವನ ಮತ ಕೇಳದೆ ಅನ್ನವಿಕ್ಕಿತ್ತು. ಭಾರತೀಯ ಜ್ಞಾನ ಪರಂಪರೆಯನ್ನು ಕಲಿಸುವವರು ಇದನ್ನೂ ಕಲಿಸಲಿ. ಕಿಟ್ಟೆಲ್ಲರ ನಿಘಂಟನ್ನು, ಅಲ್ಲಮನ ಬಯಲನ್ನು, ಸೂಫಿಗಳ ಹಾಡನ್ನು ಒಟ್ಟಿಗೆ ಹಿಡಿಯಬಲ್ಲ ಪಠ್ಯಪುಸ್ತಕ ಬಂದರೆ ನಮ್ಮ ಆತಂಕ ತಾನಾಗಿ ಕರಗುತ್ತದೆ. 2022ರಲ್ಲಿ ಮತ್ತು 2023ರಲ್ಲಿ ನಮ್ಮ ರಾಜ್ಯದ ಪಠ್ಯಗಳು ಸರ್ಕಾರಗಳೊಡನೆ ಬದಲಾದ ರೀತಿಯನ್ನು ಕಂಡವರಿಗೆ, ಪಠ್ಯರಚನೆ ರಾಜಕೀಯದಿಂದ ದೂರವಿರುವ ಸ್ಥಾಯೀ ವ್ಯವಸ್ಥೆಗೆ ಸೇರಬೇಕೆಂಬುದು ಮನವರಿಕೆಯಾಗಿರಬೇಕು.

ಕೈಕಸಬು ಕಲಿಸುವ ಊರಿನಲ್ಲಿ ಕೆಲಸವೆಲ್ಲಿ?

ಆರನೆಯ ತರಗತಿಯಿಂದ ವೃತ್ತಿ ಶಿಕ್ಷಣವೆಂಬ ಮಾತು ಭದ್ರಾವತಿಗೆ ಹೊಸದಲ್ಲ. ಕಬ್ಬಿಣದ ಕಾರ್ಖಾನೆ ಹಾಗೂ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ತಲೆಮಾರುಗಳ ಕಾಲ ಊರಿನ ಯುವಕರಿಗೆ ಕಸಬು ಕಲಿಸಿದವು. ಕುಲುಮೆಯ ಮುಂದೆ ಬೆವರು ಸುರಿಸಿದ ತಂದೆ ಮಗನನ್ನು ಎಂಜಿನಿಯರನನ್ನಾಗಿ ಮಾಡಿದ ಉದಾಹರಣೆಗಳು ಅಲ್ಲಿ ಬೀದಿಗೊಂದಿವೆ. ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ಹಲವು ವರ್ಷಗಳಾದವು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಕೆಲಸ ಭಾಗಶಃ ಮರಳಿ ಆರಂಭವಾಯಿತು. ಶಿಕ್ಷಣ ಇಲಾಖೆ ಮಕ್ಕಳಿಗೆ ಕೈಕೆಲಸ ಕಲಿಸುವ ಯೋಜನೆ ಹಾಕುತ್ತಿರುವಾಗ ಉದ್ಯಮ ಇಲಾಖೆ ಆ ಕೈಗಳಿಗೆ ಕೆಲಸ ಕೊಡುವ ಸ್ಥಳಗಳನ್ನು ಮುಚ್ಚುತ್ತ ಹೋದರೆ ನೀತಿಗಳೆರಡೂ ಒಂದನ್ನೊಂದು ಕೆಡಿಸುತ್ತವೆ. ಶಿಕ್ಷಣ ಸುಧಾರಣೆಯನ್ನು ಉದ್ಯಮ ನೀತಿಯಿಂದ ಬೇರ್ಪಡಿಸಿ ನೋಡಲಾಗದೆಂಬ ಪಾಠವನ್ನು ದೇಶಕ್ಕೆ ಕಲಿಸಬಲ್ಲ ಊರು ಭದ್ರಾವತಿ.

ಹಕ್ಕು ಮತ್ತು ಹೊಣೆ

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ನೀಡಿದೆ. ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಹಕ್ಕನ್ನು ವಿಶದಪಡಿಸಿತು. 2014ರ ಮೇ 6ರಂದೇ, ಮಾಧ್ಯಮದ ತೀರ್ಪು ಬಂದ ದಿನವೇ, ಅಲ್ಪಸಂಖ್ಯಾತರ ಶಾಲೆಗಳು 2009ರ ಶಿಕ್ಷಣ ಹಕ್ಕು ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸಂವಿಧಾನ ಪೀಠ ಹೇಳಿತು. ಆದರೆ 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ಪೀಠವೊಂದು, ಸೇವೆಯಲ್ಲಿರುವ ಶಿಕ್ಷಕರೂ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದು ಹೇಳುವಾಗ, ಅಲ್ಪಸಂಖ್ಯಾತರ ಶಾಲೆಗಳಿಗೆ ನೀಡಿದ ಆ ವಿನಾಯಿತಿ ಸರಿಯೇ ಎಂಬುದನ್ನೇ ವಿಸ್ತೃತ ಪೀಠ ಪರಿಶೀಲಿಸಬೇಕೆಂದಿತು. ನಮ್ಮ ಶಾಲೆಗಳ ಆಡಳಿತ ಮಂಡಳಿಗಳು ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ಈ ವಿನಾಯಿತಿಗೆ ಇನ್ನೊಂದು ಮಗ್ಗುಲಿದೆ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿತು. ಎಂಟನೆಯ ತರಗತಿಯವರೆಗಿನ ಶಿಕ್ಷಣ ಕಾಯಿದೆಯ ಬಲದಿಂದಲೇ ಉಚಿತವಾಗಿರುವಾಗ ವೇತನವೇಕೆ ಎಂಬುದು ಅದರ ವಾದ. ಆದರೆ ಆ ಕಾಯಿದೆ ನಮ್ಮ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಬಡ ಮಕ್ಕಳಿಗೆ ಶೇ. 25ರಷ್ಟು ಸ್ಥಾನ ಮೀಸಲಿಡುವ ನಿಯಮವೂ ಇಲ್ಲಿಲ್ಲ. ಹೀಗಾಗಿ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿಯನ್ನೂ ಮೀರದ ಕುಟುಂಬದ ಮಗು ನಮ್ಮದೇ ಶಾಲೆಯಲ್ಲಿ ಓದಿದರೆ ವಿದ್ಯಾರ್ಥಿವೇತನವೂ ಇಲ್ಲ, ಉಚಿತ ಸ್ಥಾನದ ಹಕ್ಕೂ ಇಲ್ಲ. ಅದೇ ಡಿಸೆಂಬರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ನಿಂತ ಸುದ್ದಿಯೂ ಬಂದಿತು. ಸರ್ಕಾರ ಈ ನೆರವುಗಳನ್ನು ಮರಳಿ ಆರಂಭಿಸಬೇಕೆಂದು ನಾವು ಒತ್ತಾಯಿಸಬೇಕು. ಜೊತೆಗೆ ಕಾನೂನು ಬಿಟ್ಟ ಜಾಗವನ್ನು ಕರುಣೆ ತುಂಬಬೇಕು. ಕಾಯಿದೆ ಕೇಳದಿದ್ದರೂ ನಾಲ್ಕರಲ್ಲಿ ಒಂದು ಸ್ಥಾನವನ್ನು ಬಡ ಮಗುವಿಗೆ, ಅದು ಯಾವ ಮತದ ಮಗುವೇ ಆಗಿರಲಿ, ನೀಡುವ ಶಾಲೆಗೆ 30ನೆಯ ವಿಧಿಯನ್ನು ಸಮರ್ಥಿಸಿಕೊಳ್ಳಲು ಯಾವ ವಕೀಲರೂ ಬೇಕಾಗುವುದಿಲ್ಲ. ಶ್ರೀಮಂತರಿಗೆ ಮಾತ್ರ ತೆರೆದಿರುವ ಬಾಗಿಲಿನ ಮುಂದೆ ನಿಂತು ಅಲ್ಪಸಂಖ್ಯಾತರ ಹಕ್ಕಿನ ಮಾತಾಡಿದರೆ ಕೇಳುವವರು ಕಡಿಮೆ.

ಕುಟುಂಬಗಳು ಮಾಡಬಹುದಾದದ್ದು

ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಶಿಕ್ಷಣದ ಕುರಿತಾದ ತನ್ನ ಘೋಷಣೆಯಲ್ಲಿ ತಿಳಿಸಿತು. ನೀತಿಗಳು ಹೇಗೆ ಬದಲಾದರೂ ಈ ಸ್ಥಾನವನ್ನು ಯಾವ ಸರ್ಕಾರವೂ ಕಸಿಯಲಾರದು. ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ವರ್ಷಕ್ಕೊಮ್ಮೆಯಾದರೂ ಶಿಕ್ಷಣದ ವಿಷಯಕ್ಕಾಗಿಯೇ ಸಭೆ ಕರೆದು, ಯಾವ ವಿದ್ಯಾರ್ಥಿವೇತನ ಉಳಿದಿದೆ, ಪ್ರವೇಶದ ನಿಯಮ ಏನಾಗಿದೆ ಎಂಬುದನ್ನು ಬಲ್ಲವರಿಂದ ಕೇಳಿ ತಿಳಿಯಬೇಕು. ಶಾಲೆಯ ಪೋಷಕರ ಸಭೆಯಲ್ಲಿ ಅಂಕಗಳ ವಿಚಾರದೊಡನೆ ಪ್ರಯೋಗಾಲಯದ ಸ್ಥಿತಿ, ಗ್ರಂಥಾಲಯದ ಕನ್ನಡ ಪುಸ್ತಕಗಳ ಸಂಖ್ಯೆಯನ್ನೂ ವಿಚಾರಿಸಬೇಕು. ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಬಿಡದೆ ಆಡಬೇಕು, ಕನ್ನಡ ಪತ್ರಿಕೆಯನ್ನು ಮಕ್ಕಳ ಕೈಗೆ ಕೊಡಬೇಕು. ಸರ್ಕಾರಿ ಶಾಲೆಯಲ್ಲಿ ಓದುವ ನಮ್ಮ ಸಮುದಾಯದ ಮಕ್ಕಳನ್ನೂ ಮರೆಯದೆ, ಅಲ್ಲಿನ ಶಾಲಾಭಿವೃದ್ಧಿ ಸಮಿತಿಗಳಲ್ಲಿ ಪಾಲ್ಗೊಳ್ಳಬೇಕು.

ದೆಹಲಿಯ ನೀತಿಗೂ ಬೆಂಗಳೂರಿನ ನೀತಿಗೂ ನಡುವೆ ಜಗ್ಗಾಟ ಇನ್ನೂ ಕೆಲಕಾಲ ನಡೆಯಬಹುದು. ಅದು ಮುಗಿಯಲೆಂದು ನಮ್ಮ ಮಕ್ಕಳು ಕಾದು ಕುಳಿತಿರಲಾರರು. ಈ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರುವ ಮಗು ಹನ್ನೆರಡನೆಯದನ್ನು ಮುಗಿಸುವ ಹೊತ್ತಿಗೆ ಎರಡು ಸರ್ಕಾರಗಳಾದರೂ ಬದಲಾಗಿರಬಹುದು. ಅಷ್ಟು ವರ್ಷವೂ ಅದರ ಜೊತೆಯಲ್ಲಿರುವವರು ತಂದೆತಾಯಿಗಳು, ಶಿಕ್ಷಕರು ಮತ್ತು ನಾವು ಕಟ್ಟಿಕೊಂಡ ಸಮುದಾಯ. ನೀತಿಯನ್ನು ಪ್ರಶ್ನಿಸುವ ಹಕ್ಕನ್ನು ಬಿಡದೆ, ಈ ಮೂವರ ಕೆಲಸವನ್ನು ನಾವು ಶ್ರದ್ಧೆಯಿಂದ ಮಾಡೋಣ.